ಸಾಕು ಬೆಕ್ಕಿನ ಆಹಾರಕ್ರಮ

ಸಾಕು ಬೆಕ್ಕಿನ ಆಹಾರಕ್ರಮ ಎಂದರೆ ಮನೆಯಲ್ಲಿ ಸಾಕಿದ ಬೆಕ್ಕಿಗೆ (ವೈಜ್ಞಾನಿಕ ಹೆಸರು: ಫೆಲಿಸ್ ಕ್ಯಾಟಸ್) ಅದರ ಜೀವನದ ವಿವಿಧ ಹಂತಗಳಲ್ಲಿ ಬೇಕಾಗುವ ಆಹಾರದ ಸ್ವರೂಪ, ಪ್ರಮಾಣ ಹಾಗೂ ಅದನ್ನು ಉಣಿಸುವ ವಿಧಾನ. ಪ್ರಾಣಿಶಾಸ್ತ್ರದಲ್ಲಿ ಬೆಕ್ಕನ್ನು 'ಅನಿವಾರ್ಯ ಮಾಂಸಾಹಾರಿ' ಎಂದು ವರ್ಗೀಕರಿಸಲಾಗಿದೆ. ನಾಯಿ ಅಥವಾ ಮನುಷ್ಯನ ದೇಹವು ಸಸ್ಯಜನ್ಯ ಆಹಾರದಿಂದ ತಯಾರಿಸಿಕೊಳ್ಳಬಲ್ಲ ಹಲವು ಪೋಷಕಾಂಶಗಳನ್ನು ಬೆಕ್ಕಿನ ದೇಹವು ತಯಾರಿಸಿಕೊಳ್ಳಲಾರದು. ಅವು ಬೇರೊಂದು ಪ್ರಾಣಿಯ ಮಾಂಸ, ಯಕೃತ್ತು ಮತ್ತು ಕೊಬ್ಬಿನಿಂದ ಸಿದ್ಧರೂಪದಲ್ಲಿಯೇ ಅದಕ್ಕೆ ದೊರೆಯಬೇಕು.

ಮರಿಯ ಹಂತದಿಂದ ಮುಪ್ಪಿನವರೆಗೆ ಬೆಕ್ಕಿನ ಆಹಾರದ ಪ್ರಮಾಣ, ಶಕ್ತಿಯ ಸಾಂದ್ರತೆ ಮತ್ತು ದಿನಕ್ಕೆ ಎಷ್ಟು ಬಾರಿ ಉಣಿಸಬೇಕು ಎಂಬುದು ಬದಲಾಗುತ್ತದೆ. ಆದರೆ ಅದರ ಮೂಲ ಸ್ವರೂಪ ಬದಲಾಗುವುದಿಲ್ಲ. ಹಾಲು-ಅನ್ನ ಅಥವಾ ಮೊಸರನ್ನದಂತಹ ಆಹಾರವನ್ನೇ ಮುಖ್ಯವಾಗಿ ನೀಡಿದಾಗ ಬೆಕ್ಕು ಹೊಟ್ಟೆ ತುಂಬಿಯೂ ಪೋಷಣೆಯಿಲ್ಲದೆ ಸೊರಗುತ್ತದೆ. ದೀರ್ಘಕಾಲದ ಕೊರತೆಯಿಂದ ಕುರುಡುತನ, ಹೃದ್ರೋಗ ಮತ್ತು ಮೂಳೆಗಳ ದೌರ್ಬಲ್ಯ ಉಂಟಾಗಬಹುದು.

ಹಿನ್ನೆಲೆ

ಸಾಕು ಬೆಕ್ಕು ಉತ್ತರ ಆಫ್ರಿಕಾ ಹಾಗೂ ಪಶ್ಚಿಮ ಏಷ್ಯಾದ ಶುಷ್ಕ ಪ್ರದೇಶಗಳಲ್ಲಿ ವಾಸಿಸುವ ಆಫ್ರಿಕಾದ ಕಾಡುಬೆಕ್ಕಿನ (ಫೆಲಿಸ್ ಲಿಬಿಕಾ) ಸಂತತಿ. ಪಶ್ಚಿಮ ಏಷ್ಯಾದಲ್ಲಿ ಬೇಸಾಯ ಆರಂಭವಾಗಿ ಧಾನ್ಯದ ಸಂಗ್ರಹ ಬೆಳೆದಾಗ ಇಲಿಗಳು ಬಂದವು, ಇಲಿಗಳನ್ನು ಅರಸಿ ಬೆಕ್ಕುಗಳು ಬಂದವು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲಿಯೇ ಹೂಳಲಾಗಿದ್ದ ಸುಮಾರು ೯,೫೦೦ ವರ್ಷಗಳಷ್ಟು ಹಳೆಯ ಬೆಕ್ಕಿನ ಅಸ್ಥಿಪಂಜರದ ಶೋಧವನ್ನು ೨೦೦೪ರಲ್ಲಿ ಪ್ರಕಟಿಸಲಾಯಿತು.

ನಾಯಿಯು ಮನುಷ್ಯನ ಸಹವಾಸದಲ್ಲಿ ಪಿಷ್ಟವನ್ನು ಜೀರ್ಣಿಸುವ ಸಾಮರ್ಥ್ಯವನ್ನು ಬೆಳೆಸಿಕೊಂಡಿತು. ಬೆಕ್ಕಿನ ಜೀರ್ಣಾಂಗ ವ್ಯವಸ್ಥೆಯಲ್ಲಿ ಅಂತಹ ದೊಡ್ಡ ಬದಲಾವಣೆ ಆಗಲಿಲ್ಲ. ಮನುಷ್ಯನು ಬೆಕ್ಕನ್ನು ಇಟ್ಟುಕೊಂಡದ್ದೇ ಅದು ಬೇಟೆಯಾಡಲಿ ಎಂಬ ಕಾರಣಕ್ಕೆ. ಆದ್ದರಿಂದ ಅದರ ಆಹಾರ ಸಹಸ್ರಾರು ವರ್ಷಗಳ ಕಾಲ ಇಲಿ, ಹಕ್ಕಿ, ಹಲ್ಲಿ ಹಾಗೂ ಕೀಟಗಳಾಗಿಯೇ ಉಳಿಯಿತು. ಒಂದು ಸಣ್ಣ ಇಲಿಯಿಂದ ಸುಮಾರು ೩೦ ಕಿಲೋಕ್ಯಾಲರಿ ಶಕ್ತಿ ದೊರೆಯುತ್ತದೆ. ಬೇಟೆಯಿಂದಲೇ ಬದುಕುವ ಬೆಕ್ಕು ದಿನಕ್ಕೆ ಎಂಟು-ಹತ್ತು ಸಣ್ಣ ಬೇಟೆಗಳನ್ನು ಹಿಡಿಯಬೇಕಾಗುತ್ತದೆ. ಬೆಕ್ಕು ಒಮ್ಮೆಗೆ ಸ್ವಲ್ಪ ತಿಂದು ಮತ್ತೆ ಮತ್ತೆ ಬಟ್ಟಲ ಬಳಿ ಬರುವ ಸ್ವಭಾವದ ಮೂಲ ಇದೇ.

ದೇಹರಚನೆ

ವಯಸ್ಕ ಬೆಕ್ಕಿಗೆ ೩೦ ಹಲ್ಲುಗಳಿರುತ್ತವೆ. ಅವು ಕಚ್ಚಿ ಹಿಡಿಯಲು ಮತ್ತು ಕತ್ತರಿಯಂತೆ ಸೀಳಲು ತಕ್ಕವು, ಅಗಿದು ಅರೆಯಲು ತಕ್ಕವಲ್ಲ. ದವಡೆಯು ಹಸು ಅಥವಾ ಮನುಷ್ಯನ ದವಡೆಯಂತೆ ಅಡ್ಡಡ್ಡಲಾಗಿ ಚಲಿಸುವುದಿಲ್ಲ. ಪಿಷ್ಟವನ್ನು ಬಾಯಿಯಲ್ಲಿಯೇ ಒಡೆಯುವ ಅಮೈಲೇಸ್ ಕಿಣ್ವ ಬೆಕ್ಕಿನ ಜೊಲ್ಲಿನಲ್ಲಿಲ್ಲ. ಕರುಳು ದೇಹದ ಉದ್ದಕ್ಕೆ ಹೋಲಿಸಿದರೆ ಚಿಕ್ಕದು. ಚೆನ್ನಾಗಿ ಬೇಯಿಸಿದ ಪಿಷ್ಟವನ್ನು ಬೆಕ್ಕು ಸ್ವಲ್ಪ ಮಟ್ಟಿಗೆ ಜೀರ್ಣಿಸಿಕೊಳ್ಳಬಲ್ಲದಾದರೂ ಅದರ ದೇಹಕ್ಕೆ ಪಿಷ್ಟವು ಅವಶ್ಯ ಪೋಷಕಾಂಶವಲ್ಲ.

ಬೆಕ್ಕಿಗೆ ಸಿಹಿಯ ರುಚಿ ತಿಳಿಯುವುದಿಲ್ಲ. ಸಿಹಿಯನ್ನು ಗುರುತಿಸುವ ಗ್ರಾಹಕದ ರಚನೆಗೆ ಬೇಕಾದ ಎರಡು ವಂಶವಾಹಿಗಳಲ್ಲಿ ಒಂದು ಬೆಕ್ಕಿನ ಕುಟುಂಬದಲ್ಲಿ ನಿಷ್ಕ್ರಿಯವಾಗಿದೆ ಎಂಬುದನ್ನು ೨೦೦೫ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಐಸ್‌ಕ್ರೀಂ ಅಥವಾ ಪಾಯಸವನ್ನು ನೆಕ್ಕುವ ಬೆಕ್ಕನ್ನು ಆಕರ್ಷಿಸುವುದು ಅದರಲ್ಲಿರುವ ಕೊಬ್ಬು, ಸಕ್ಕರೆಯಲ್ಲ.

ಅವಶ್ಯ ಪೋಷಕಾಂಶಗಳು

ಪ್ರೋಟೀನ್: ಬೆಕ್ಕಿನ ಯಕೃತ್ತಿನಲ್ಲಿ ಪ್ರೋಟೀನನ್ನು ಒಡೆದು ಶಕ್ತಿಯಾಗಿ ಪರಿವರ್ತಿಸುವ ಕಿಣ್ವಗಳು ಸದಾ ಚುರುಕಾಗಿರುತ್ತವೆ. ಆಹಾರದಲ್ಲಿ ಪ್ರೋಟೀನ್ ಕಡಿಮೆಯಾದಾಗ ಆ ವೇಗವನ್ನು ಬಹಳಷ್ಟು ತಗ್ಗಿಸಿಕೊಳ್ಳುವ ಶಕ್ತಿ ಅವಕ್ಕಿಲ್ಲ. ಪರಿಣಾಮವಾಗಿ ದೇಹವು ತನ್ನದೇ ಸ್ನಾಯುಗಳನ್ನು ಕರಗಿಸಲಾರಂಭಿಸುತ್ತದೆ. ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘದ ಮಾನದಂಡದಂತೆ, ಆಹಾರದಲ್ಲಿನ ನೀರಿನಂಶವನ್ನು ಕಳೆದು ಉಳಿಯುವ ಭಾಗದಲ್ಲಿ ಬೆಳೆಯುವ ಮರಿಗಳಿಗೆ ಕನಿಷ್ಠ ಶೇ. ೩೦ ಹಾಗೂ ವಯಸ್ಕ ಬೆಕ್ಕುಗಳಿಗೆ ಕನಿಷ್ಠ ಶೇ. ೨೬ರಷ್ಟು ಪ್ರೋಟೀನ್ ಇರಬೇಕು. ಅರ್ಜಿನೈನ್ ಎಂಬ ಅಮೈನೋ ಆಮ್ಲದ ವಿಷಯದಲ್ಲಿ ಬೆಕ್ಕು ವಿಶೇಷವಾಗಿ ಸೂಕ್ಷ್ಮ. ಅದು ಸ್ವಲ್ಪವೂ ಇಲ್ಲದ ಒಂದೇ ಊಟದಿಂದ ರಕ್ತದಲ್ಲಿ ಅಮೋನಿಯಾ ಏರಿ ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯ ಒದಗಬಹುದೆಂಬುದು ೧೯೭೮ರಲ್ಲಿ ಪ್ರಯೋಗದಿಂದ ತಿಳಿದುಬಂತು. ಮಾಂಸದಲ್ಲಿ ಅರ್ಜಿನೈನ್ ಸಮೃದ್ಧವಾಗಿರುವುದರಿಂದ ನಿಸರ್ಗದಲ್ಲಿ ಈ ಕೊರತೆ ಕಾಣಿಸುವುದಿಲ್ಲ.

ಟಾರೀನ್: ಟಾರೀನ್ ಗಂಧಕವನ್ನು ಒಳಗೊಂಡ ಒಂದು ಅಮೈನೋ ಆಮ್ಲ. ಕಣ್ಣಿನ ಅಕ್ಷಿಪಟಲ, ಹೃದಯದ ಸ್ನಾಯು ಮತ್ತು ಪಿತ್ತರಸದ ಕಾರ್ಯಕ್ಕೆ ಇದು ಬೇಕೇ ಬೇಕು. ಬೆಕ್ಕಿನ ದೇಹವು ಇದನ್ನು ಸಾಕಷ್ಟು ತಯಾರಿಸಲಾರದು. ಜೊತೆಗೆ ಪಿತ್ತರಸದ ಮೂಲಕ ನಿರಂತರವಾಗಿ ಕಳೆದುಕೊಳ್ಳುತ್ತಲೂ ಇರುತ್ತದೆ. ಇದರ ಕೊರತೆಯಿಂದ ಅಕ್ಷಿಪಟಲ ನಶಿಸುತ್ತದೆಂಬುದು ೧೯೭೫ರಲ್ಲಿಯೂ, ಹೃದಯದ ಸ್ನಾಯು ತೆಳುವಾಗಿ ಹೃದಯ ಹಿಗ್ಗುವ ರೋಗಕ್ಕೂ ಇದೇ ಕಾರಣವೆಂಬುದು ೧೯೮೭ರಲ್ಲಿಯೂ ಪ್ರಕಟವಾಯಿತು. ಹೃದ್ರೋಗದ ಸಂಶೋಧನೆ ನಡೆದದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ. ಆ ಕಾಲದಲ್ಲಿ ಮಾರುಕಟ್ಟೆಯ ಕೆಲವು ಸಿದ್ಧ ಆಹಾರಗಳಲ್ಲಿಯೂ ಟಾರೀನ್ ಸಾಲದಾಗಿತ್ತು. ತಯಾರಕರು ಅದನ್ನು ಹೆಚ್ಚಿಸಿದ ಮೇಲೆ ಬೆಕ್ಕುಗಳಲ್ಲಿ ಈ ಬಗೆಯ ಹೃದ್ರೋಗ ವಿರಳವಾಯಿತು. ಟಾರೀನ್ ಕೊರತೆಯ ಹೃದ್ರೋಗವನ್ನು ಬೇಗನೆ ಗುರುತಿಸಿದರೆ ಗುಣಪಡಿಸಬಹುದು. ನಶಿಸಿದ ಅಕ್ಷಿಪಟಲ ಮಾತ್ರ ಮರಳಿ ಬಾರದು.

ಕೊಬ್ಬು: ಕೊಬ್ಬು ಬೆಕ್ಕಿನ ಮುಖ್ಯ ಶಕ್ತಿಮೂಲಗಳಲ್ಲೊಂದು. ಅರಾಕಿಡೋನಿಕ್ ಆಮ್ಲವೆಂಬ ಕೊಬ್ಬಿನಾಮ್ಲವನ್ನು ಅನೇಕ ಪ್ರಾಣಿಗಳು ಸಸ್ಯಜನ್ಯ ಎಣ್ಣೆಗಳಿಂದ ತಯಾರಿಸಿಕೊಳ್ಳುತ್ತವೆ. ಬೆಕ್ಕಿಗೆ ಅದು ಪ್ರಾಣಿಜನ್ಯ ಕೊಬ್ಬಿನಿಂದಲೇ ದೊರೆಯಬೇಕು.

ಜೀವಸತ್ವಗಳು: ಗಜ್ಜರಿ ಹಾಗೂ ಸೊಪ್ಪುಗಳಲ್ಲಿರುವ ಬೀಟಾ ಕೆರೋಟಿನನ್ನು ಬೆಕ್ಕಿನ ದೇಹವು 'ಎ' ಜೀವಸತ್ವವಾಗಿ ಪರಿವರ್ತಿಸಲಾರದು, ಯಕೃತ್ತಿನಂತಹ ಪ್ರಾಣಿಜನ್ಯ ಮೂಲದಿಂದ ಸಿದ್ಧರೂಪದ 'ಎ' ಜೀವಸತ್ವ ಬೇಕು. ಬಿಸಿಲಿನಲ್ಲಿ ಎಷ್ಟು ಹೊತ್ತು ಮಲಗಿದರೂ ಅದರ ಚರ್ಮದಲ್ಲಿ ಸಾಕಷ್ಟು 'ಡಿ' ಜೀವಸತ್ವ ಉತ್ಪತ್ತಿಯಾಗದು. ನಿಯಾಸಿನ್ ಕೂಡ ಆಹಾರದಿಂದಲೇ ಬರಬೇಕು. ಕೆಲವು ಜಾತಿಯ ಹಸಿ ಮೀನುಗಳಲ್ಲಿರುವ ಥಯಾಮಿನೇಸ್ ಎಂಬ ಕಿಣ್ವವು 'ಬಿ೧' ಜೀವಸತ್ವವನ್ನು ನಾಶಪಡಿಸುತ್ತದೆ. ಅಂತಹ ಮೀನನ್ನೇ ಹಸಿಯಾಗಿ ನಿತ್ಯ ತಿನ್ನುವ ಬೆಕ್ಕಿನಲ್ಲಿ ತಲೆ ಕೆಳಗೆ ಬಾಗುವುದು, ತೂರಾಡುವುದು ಮತ್ತು ಸೆಳವಿನಂತಹ ಲಕ್ಷಣಗಳು ತೋರುತ್ತವೆ. ಮೀನನ್ನು ಬೇಯಿಸಿದರೆ ಈ ಕಿಣ್ವ ನಿಷ್ಕ್ರಿಯವಾಗುತ್ತದೆ.

ಖನಿಜಗಳು: ಬೇಟೆಯಾಡುವ ಬೆಕ್ಕು ಇಲಿಯನ್ನು ಮೂಳೆಸಹಿತ ತಿನ್ನುತ್ತದೆ. ಮೂಳೆಯಿಲ್ಲದ ಮಾಂಸದಲ್ಲಿ ರಂಜಕ (ಫಾಸ್ಫರಸ್) ಹೇರಳ, ಕ್ಯಾಲ್ಸಿಯಂ ಅತ್ಯಲ್ಪ. ಬರಿಯ ಮಾಂಸವನ್ನೇ ತಿಂದು ಬೆಳೆಯುವ ಮರಿಯ ದೇಹವು ಈ ಅಸಮತೋಲವನ್ನು ಸರಿದೂಗಿಸಲು ತನ್ನ ಮೂಳೆಗಳಿಂದಲೇ ಕ್ಯಾಲ್ಸಿಯಂ ಹೊರತೆಗೆಯುತ್ತದೆ. ಅಂತಹ ಮರಿ ಕುಂಟುತ್ತದೆ. ಸಣ್ಣ ನೆಗೆತಕ್ಕೂ ಅದರ ಮೂಳೆ ಮುರಿಯಬಹುದು. 'ಮಾಂಸಾಹಾರಿ' ಎಂಬುದಕ್ಕೆ 'ಬರಿಯ ಮಾಂಸಖಂಡ ತಿನ್ನುವ ಪ್ರಾಣಿ' ಎಂದು ಅರ್ಥ ಮಾಡುವುದು ಈ ಕಾರಣದಿಂದ ತಪ್ಪು.

ನೀರು: ಮರುಭೂಮಿಯ ಪೂರ್ವಜರಿಂದ ಬಂದ ಬೆಕ್ಕಿಗೆ ಬಾಯಾರಿಕೆಯ ಪ್ರಜ್ಞೆ ಮಂದ. ಅದು ನೀರನ್ನು ಮುಖ್ಯವಾಗಿ ಬೇಟೆಯ ದೇಹದಿಂದಲೇ ಪಡೆಯುವಂತೆ ರೂಪುಗೊಂಡಿದೆ. ತೇವ ಆಹಾರದಲ್ಲಿ ಶೇ. ೭೫ರಿಂದ ೮೦ರಷ್ಟು ನೀರಿದ್ದರೆ ಕಾಳುರೂಪದ ಒಣ ಆಹಾರದಲ್ಲಿ ಸುಮಾರು ಶೇ. ೧೦ ಮಾತ್ರ ಇರುತ್ತದೆ. ಒಣ ಆಹಾರವನ್ನಷ್ಟೇ ತಿನ್ನುವ ಬೆಕ್ಕು ಕಡಿಮೆಯಾದ ನೀರನ್ನು ಕುಡಿದು ಪೂರ್ಣವಾಗಿ ತುಂಬಿಕೊಳ್ಳುವುದಿಲ್ಲ. ಮೂತ್ರ ಸಾಂದ್ರವಾದಂತೆ ಹರಳುಗಳು ರೂಪುಗೊಳ್ಳುವ ಸಂಭವ ಹೆಚ್ಚು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದಾದುದರಿಂದ ಅದು ಪೂರ್ಣವಾಗಿ ಕಟ್ಟಿಕೊಂಡರೆ ಎರಡು-ಮೂರು ದಿನಗಳಲ್ಲಿ ಸಾವು ಸಂಭವಿಸಬಹುದು. ಮತ್ತೆ ಮತ್ತೆ ಕುಳಿತು ತಿಣುಕಿಯೂ ಮೂತ್ರ ಬಾರದ ಗಂಡು ಬೆಕ್ಕನ್ನು ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಬೇಕು. ಇದನ್ನು ಮಲಬದ್ಧತೆಯೆಂದು ಭಾವಿಸಿ ಕಾಯುವುದು ಅಪಾಯಕರ.

ವಯಸ್ಸಿಗೆ ಅನುಗುಣವಾದ ಆಹಾರ

ಹುಟ್ಟಿನಿಂದ ನಾಲ್ಕು ವಾರ

ನವಜಾತ ಮರಿಯ ತೂಕ ಸುಮಾರು ೧೦೦ ಗ್ರಾಂ. ಆರೋಗ್ಯವಂತ ಮರಿ ದಿನಕ್ಕೆ ೧೦ರಿಂದ ೧೫ ಗ್ರಾಂನಷ್ಟು ತೂಕ ಪಡೆಯುತ್ತದೆ. ತಾಯಿಯ ಗಿಣ್ಣುಹಾಲಿನಲ್ಲಿರುವ ರೋಗನಿರೋಧಕ ಅಂಶಗಳನ್ನು ಮರಿಯ ಕರುಳು ಹುಟ್ಟಿದ ಮೊದಲ ದಿನದೊಳಗೆ ಮಾತ್ರ ಹೀರಿಕೊಳ್ಳಬಲ್ಲದು. ಆದ್ದರಿಂದ ಮೊದಲ ಕೆಲವು ಗಂಟೆಗಳಲ್ಲಿ ಪ್ರತಿ ಮರಿಯೂ ತಾಯಿಯ ಮೊಲೆಯನ್ನು ಹಿಡಿದಿದೆಯೇ ಎಂದು ಗಮನಿಸುವುದು ಮುಖ್ಯ. ಈ ಅವಧಿಯಲ್ಲಿ ತಾಯಿಯ ಹಾಲಿನ ಹೊರತು ಬೇರೇನೂ ಬೇಕಿಲ್ಲ.

ತಾಯಿಯಿಲ್ಲದ ಮರಿಗಳು

ತಾಯಿಯನ್ನು ಕಳೆದುಕೊಂಡ ಮರಿಗೆ ಹಸುವಿನ ಹಾಲು ತಕ್ಕ ಬದಲಿಯಲ್ಲ. ಬೆಕ್ಕಿನ ಹಾಲಿನಲ್ಲಿ ಹಸುವಿನ ಹಾಲಿಗಿಂತ ಸುಮಾರು ಎರಡು ಪಟ್ಟು ಪ್ರೋಟೀನ್ ಇರುತ್ತದೆ. ಹಸುವಿನ ಹಾಲಿನಿಂದ ಮರಿಗೆ ಭೇದಿಯಾಗಿ ದೇಹದ ನೀರು ಬೇಗನೆ ಬರಿದಾಗುತ್ತದೆ. ಬೆಕ್ಕಿನ ಮರಿಗಳಿಗೆಂದೇ ತಯಾರಾದ ಹಾಲಿನ ಪುಡಿಯನ್ನು ನಿಗದಿತ ಪ್ರಮಾಣದಲ್ಲಿ ಕಲಸಿ, ಮೈಬಿಸಿಗೆ ಸಮನಾದ ಉಗುರುಬೆಚ್ಚಗಿನ ಸ್ಥಿತಿಯಲ್ಲಿ ನೀಡಬೇಕು. ಮೊದಲ ವಾರದಲ್ಲಿ ರಾತ್ರಿಯೂ ಸೇರಿ ಎರಡು-ಮೂರು ಗಂಟೆಗಳಿಗೊಮ್ಮೆ, ಮೂರನೆಯ ವಾರದ ಹೊತ್ತಿಗೆ ನಾಲ್ಕರಿಂದ ಆರು ಗಂಟೆಗಳಿಗೊಮ್ಮೆ ಉಣಿಸಬೇಕಾಗುತ್ತದೆ.

ಉಣಿಸುವಾಗ ಮರಿಯನ್ನು ಮನುಷ್ಯ ಶಿಶುವಿನಂತೆ ಅಂಗಾತ ಮಲಗಿಸಬಾರದು. ಹಾಲು ಶ್ವಾಸಕೋಶಕ್ಕೆ ಇಳಿಯುವ ಭಯವಿದೆ. ಹೊಟ್ಟೆ ಕೆಳಗಾಗಿರುವಂತೆ ಹಿಡಿದು, ತಲೆಯನ್ನು ತುಸು ಎತ್ತಿ ಬಾಟಲಿಯ ಮೊಲೆತೊಟ್ಟಿನಿಂದ ಕುಡಿಸಬೇಕು. ಮೈ ತಣ್ಣಗಾಗಿರುವ ಮರಿಗೆ ಹಾಲು ಜೀರ್ಣವಾಗದು. ಮೊದಲು ನಿಧಾನವಾಗಿ ಬೆಚ್ಚಗಾಗಿಸಿ ಬಳಿಕವೇ ಉಣಿಸಬೇಕು. ಮರಿಯು ಮೊದಲ ಕೆಲವು ವಾರ ತಾನಾಗಿ ಮಲಮೂತ್ರ ವಿಸರ್ಜಿಸಲಾರದು. ತಾಯಿ ನೆಕ್ಕಿ ಪ್ರಚೋದಿಸುವಂತೆ, ಬೆಚ್ಚಗಿನ ಒದ್ದೆ ಹತ್ತಿಯಿಂದ ಹಿಂಭಾಗವನ್ನು ಮೃದುವಾಗಿ ಒರೆಸಬೇಕು.

ಹಾಲು ಬಿಡಿಸುವ ಕಾಲ

ಮೂರು-ನಾಲ್ಕು ವಾರಗಳ ಹೊತ್ತಿಗೆ ಹಾಲುಹಲ್ಲುಗಳು ಕಾಣಿಸಿಕೊಳ್ಳುತ್ತವೆ. ಮರಿಗಳು ತಾಯಿಯ ಬಟ್ಟಲನ್ನು ಮೂಸತೊಡಗುತ್ತವೆ. ಮರಿಗಳ ಆಹಾರಕ್ಕೆ ಬೆಚ್ಚಗಿನ ನೀರು ಅಥವಾ ಮರಿಗಳ ಹಾಲನ್ನು ಬೆರೆಸಿ ಗಂಜಿಯಂತೆ ಮಾಡಿ ಅಗಲವಾದ ತಟ್ಟೆಯಲ್ಲಿಡುವುದು ವಾಡಿಕೆ. ದಿನ ಕಳೆದಂತೆ ನೀರನ್ನು ಕಡಿಮೆ ಮಾಡುತ್ತ ಬಂದರೆ ಆರರಿಂದ ಎಂಟು ವಾರಗಳಲ್ಲಿ ಮರಿಯು ಘನ ಆಹಾರಕ್ಕೆ ಹೊಂದಿಕೊಳ್ಳುತ್ತದೆ. ಹಾಲಿನಲ್ಲಿರುವ ಲ್ಯಾಕ್ಟೋಸ್ ಸಕ್ಕರೆಯನ್ನು ಜೀರ್ಣಿಸುವ ಕಿಣ್ವವು ಇಲ್ಲಿಂದ ಮುಂದೆ ಕುಗ್ಗುತ್ತ ಹೋಗುತ್ತದೆ.

ಎರಡು ತಿಂಗಳಿನಿಂದ ಒಂದು ವರ್ಷ

ಬೆಳೆಯುವ ಮರಿಗೆ ದೇಹತೂಕದ ಪ್ರತಿ ಕಿಲೋಗ್ರಾಂಗೆ ವಯಸ್ಕ ಬೆಕ್ಕಿಗಿಂತ ಎರಡರಿಂದ ಮೂರು ಪಟ್ಟು ಶಕ್ತಿ ಬೇಕಾಗುತ್ತದೆ. ಅದರ ಹೊಟ್ಟೆ ಮಾತ್ರ ಚಿಕ್ಕದು. ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಬಾರಿ, ಆರು ತಿಂಗಳವರೆಗೆ ಮೂರು ಬಾರಿ, ಬಳಿಕ ಎರಡು-ಮೂರು ಬಾರಿ ಉಣಿಸುವುದು ಸಾಮಾನ್ಯ ಕ್ರಮ. ಸಿದ್ಧ ಆಹಾರವಾದರೆ ಅದರ ಮೇಲೆ ಮರಿಗಳ ಬೆಳವಣಿಗೆಗೆ ಸೂಕ್ತವೆಂಬ ಉಲ್ಲೇಖವಿರಬೇಕು. ಈ ವಯಸ್ಸಿನಲ್ಲಿ ಒಂದೇ ರುಚಿ, ಒಂದೇ ಬಗೆಯ ಆಹಾರಕ್ಕೆ ಒಗ್ಗಿದ ಬೆಕ್ಕು ಮುಂದೆ ಬೇರೆ ಆಹಾರವನ್ನು ಮೂಸಿಯೂ ನೋಡದಿರಬಹುದು. ಆದ್ದರಿಂದ ತೇವ ಹಾಗೂ ಒಣ ಆಹಾರಗಳೆರಡನ್ನೂ ಈಗಲೇ ಪರಿಚಯಿಸುವುದು ಒಳಿತು. ಮುಂದೆ ಕಾಯಿಲೆಯಿಂದ ಪಥ್ಯ ಬೇಕಾದಾಗ ಈ ಅಭ್ಯಾಸ ನೆರವಾಗುತ್ತದೆ.

ಒಂದರಿಂದ ಆರು ವರ್ಷ

ಒಂದು ವರ್ಷದ ಹೊತ್ತಿಗೆ ಬೆಳವಣಿಗೆ ಬಹುಪಾಲು ಮುಗಿಯುತ್ತದೆ. ಸುಮಾರು ೪ ಕಿಲೋಗ್ರಾಂ ತೂಕದ, ಮನೆಯೊಳಗಿರುವ ವಯಸ್ಕ ಬೆಕ್ಕಿಗೆ ದಿನಕ್ಕೆ ೨೦೦ರಿಂದ ೨೫೦ ಕಿಲೋಕ್ಯಾಲರಿ ಸಾಕು. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಬೆಕ್ಕಿನಲ್ಲಿ ಶಕ್ತಿಯ ಅಗತ್ಯ ಸುಮಾರು ಶೇ. ೨೦ರಿಂದ ೩೦ರಷ್ಟು ತಗ್ಗುತ್ತದೆ, ಹಸಿವು ಮಾತ್ರ ಹೆಚ್ಚುತ್ತದೆ. ಹೀಗಾಗಿ ಶಸ್ತ್ರಚಿಕಿತ್ಸೆಯ ನಂತರದ ತಿಂಗಳುಗಳಲ್ಲಿಯೇ ಸ್ಥೂಲಕಾಯಕ್ಕೆ ನಾಂದಿಯಾಗುವುದುಂಟು. ಬಟ್ಟಲನ್ನು ದಿನವಿಡೀ ತುಂಬಿಡುವ ಬದಲು ಅಳೆದ ಆಹಾರವನ್ನು ಎರಡು ಅಥವಾ ಹೆಚ್ಚು ಬಾರಿ ಹಂಚಿ ಕೊಡುವುದು ಸೂಕ್ತ.

ಗರ್ಭಿಣಿ ಮತ್ತು ಹಾಲೂಡಿಸುವ ಬೆಕ್ಕು

ಬೆಕ್ಕಿನ ಗರ್ಭಾವಧಿ ಸುಮಾರು ೬೩ರಿಂದ ೬೫ ದಿನ. ತಾಯಿಯ ತೂಕ ಗರ್ಭದ ಆರಂಭದಿಂದಲೇ ಕ್ರಮೇಣ ಏರುತ್ತದೆ. ಹೆರಿಗೆಯ ನಂತರ ಹಾಲೂಡಿಸಲು ಬೇಕಾದ ಕೊಬ್ಬನ್ನು ದೇಹವು ಮೊದಲೇ ಕೂಡಿಡುತ್ತದೆ. ಹಾಲೂಡಿಕೆಯ ಮೂರು-ನಾಲ್ಕನೆಯ ವಾರದಲ್ಲಿ, ಮರಿಗಳ ಸಂಖ್ಯೆಗೆ ತಕ್ಕಂತೆ, ತಾಯಿಗೆ ಎಂದಿನ ಎರಡರಿಂದ ಮೂರು ಪಟ್ಟು ಆಹಾರ ಬೇಕಾಗಬಹುದು. ಈ ಅವಧಿಯಲ್ಲಿ ತಾಯಿಗೂ ಮರಿಗಳ ಪುಷ್ಟಿಕರ ಆಹಾರವನ್ನೇ ಬೇಕಾದಷ್ಟು ಒದಗಿಸಬೇಕು. ಬೆಕ್ಕಿಗೆ ಮಿತಿಯಿಲ್ಲದೆ ಉಣಿಸಬಹುದಾದ ಕೆಲವೇ ಸಂದರ್ಭಗಳಲ್ಲಿ ಇದೂ ಒಂದು.

ಏಳರಿಂದ ಹತ್ತು ವರ್ಷ

ಏಳು ವರ್ಷದ ಬೆಕ್ಕು ಪ್ರೌಢಾವಸ್ಥೆಯಲ್ಲಿರುತ್ತದೆ. ಚಟುವಟಿಕೆ ಇಳಿಯುತ್ತದೆ, ತೂಕ ಏರುವ ಸಂಭವ ಈಗಲೇ ಹೆಚ್ಚು. ಸ್ಥೂಲಕಾಯದ ಬೆಕ್ಕುಗಳಲ್ಲಿ ಮಧುಮೇಹ ಮತ್ತು ಕೀಲುಗಳ ನೋವು ಹೆಚ್ಚಾಗಿ ಕಂಡುಬರುತ್ತವೆ. ಪ್ರೋಟೀನನ್ನು ಕಡಿಮೆ ಮಾಡದೆ ಒಟ್ಟು ಶಕ್ತಿಯನ್ನು ಮಾತ್ರ ಮಿತಗೊಳಿಸುವುದು, ತೇವ ಆಹಾರದ ಪಾಲನ್ನು ಹೆಚ್ಚಿಸುವುದು ಹಾಗೂ ತಿಂಗಳಿಗೊಮ್ಮೆ ತೂಕ ನೋಡುವುದು ಈ ಹಂತದ ಮುಖ್ಯ ಕ್ರಮಗಳು.

ಹತ್ತು ವರ್ಷದ ನಂತರ

ಮುದಿ ಬೆಕ್ಕಿಗೆ ಕಡಿಮೆ ಆಹಾರ ಸಾಕು ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಹತ್ತು-ಹನ್ನೆರಡು ವರ್ಷ ದಾಟಿದ ಅನೇಕ ಬೆಕ್ಕುಗಳಲ್ಲಿ ಕೊಬ್ಬು ಹಾಗೂ ಪ್ರೋಟೀನನ್ನು ಜೀರ್ಣಿಸುವ ಸಾಮರ್ಥ್ಯ ಕುಗ್ಗುತ್ತದೆ. ಅಷ್ಟೇ ತಿಂದರೂ ಅವು ಬಡವಾಗುತ್ತವೆ; ಬೆನ್ನು ಮತ್ತು ತೊಡೆಯ ಸ್ನಾಯು ಕರಗುತ್ತದೆ. ಇಂತಹ ಬೆಕ್ಕಿಗೆ ಸುಲಭವಾಗಿ ಜೀರ್ಣವಾಗುವ ಉತ್ತಮ ಪ್ರೋಟೀನ್ ಹೆಚ್ಚೇ ಬೇಕು. ಘ್ರಾಣಶಕ್ತಿ ಮಂದವಾಗುವುದರಿಂದ ಆಹಾರವನ್ನು ತುಸು ಬೆಚ್ಚಗಾಗಿಸಿ ಪರಿಮಳ ಏಳುವಂತೆ ಮಾಡಿದರೆ ತಿನ್ನುವ ಆಸಕ್ತಿ ಮೂಡುತ್ತದೆ. ಕೀಲುನೋವಿರುವ ಬೆಕ್ಕಿಗೆ ಎತ್ತರದಲ್ಲಿಟ್ಟ ಬಟ್ಟಲನ್ನು ತಲುಪುವುದೂ ಪ್ರಯಾಸ.

ಮುಪ್ಪಿನಲ್ಲಿ ತೂಕ ಇಳಿಯುವುದನ್ನು ವಯಸ್ಸಿನ ಸಹಜ ಲಕ್ಷಣವೆಂದು ಕಡೆಗಣಿಸುವುದರಿಂದ ಚಿಕಿತ್ಸೆ ತಡವಾಗುತ್ತದೆ. ದೀರ್ಘಕಾಲಿಕ ಮೂತ್ರಪಿಂಡ ರೋಗ, ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆ, ಮಧುಮೇಹ ಹಾಗೂ ದಂತರೋಗಗಳು ಈ ವಯಸ್ಸಿನಲ್ಲಿ ಸಾಮಾನ್ಯ. ಹೆಚ್ಚು ನೀರು ಕುಡಿಯುವುದು, ಚೆನ್ನಾಗಿ ತಿಂದೂ ಬಡವಾಗುವುದು, ಆಹಾರವನ್ನು ಬಾಯಿಗೆ ತೆಗೆದುಕೊಂಡು ಬೀಳಿಸುವುದು ಇವು ಪರೀಕ್ಷೆ ಮಾಡಿಸಬೇಕಾದ ಲಕ್ಷಣಗಳು. ಮೂತ್ರಪಿಂಡ ರೋಗ ದೃಢಪಟ್ಟ ಬೆಕ್ಕಿಗೆ ರಂಜಕವನ್ನು ಮಿತಗೊಳಿಸಿದ ವಿಶೇಷ ಆಹಾರದಿಂದ ಆಯಸ್ಸು ಹೆಚ್ಚುತ್ತದೆ. ಅದನ್ನು ಪಶುವೈದ್ಯರ ಸಲಹೆಯಿಲ್ಲದೆ ಆರೋಗ್ಯವಂತ ಬೆಕ್ಕಿಗೆ ಮುಂಜಾಗ್ರತೆಯೆಂದು ಕೊಡಬಾರದು.

ಆಹಾರದ ವಿಧಗಳು

ಒಣ ಆಹಾರ ಅಗ್ಗ, ಬೇಗ ಕೆಡುವುದಿಲ್ಲ. ಆದರೆ ನೀರಿನಂಶ ಕಡಿಮೆ, ಸಣ್ಣ ಪ್ರಮಾಣದಲ್ಲಿಯೇ ಹೆಚ್ಚು ಶಕ್ತಿ ತುಂಬಿರುತ್ತದೆ. ಡಬ್ಬಿ ಅಥವಾ ಪೊಟ್ಟಣದ ತೇವ ಆಹಾರ ನೀರನ್ನು ಒದಗಿಸುತ್ತದೆ. ಬೆಲೆ ಹೆಚ್ಚು, ತೆರೆದ ಮೇಲೆ ಬೇಗನೆ ಹಳಸುತ್ತದೆ. ಎರಡನ್ನೂ ಸೇರಿಸಿ ಕೊಡುವುದು ಅನೇಕರು ಅನುಸರಿಸುವ ಮಧ್ಯಮಮಾರ್ಗ. ಯಾವುದೇ ಸಿದ್ಧ ಆಹಾರದ ಪೊಟ್ಟಣದ ಮೇಲೆ 'ಸಂಪೂರ್ಣ ಮತ್ತು ಸಮತೋಲಿತ' ಎಂಬ ಅರ್ಥದ ಒಕ್ಕಣೆಯೂ, ಅದು ಯಾವ ವಯಸ್ಸಿನ ಬೆಕ್ಕಿಗೆಂಬ ಸೂಚನೆಯೂ ಇದೆಯೇ ಎಂದು ನೋಡಬೇಕು. ತಿನಿಸಾಗಿ ಮಾತ್ರ ಮಾರುವ ಉತ್ಪನ್ನಗಳು ಊಟಕ್ಕೆ ಬದಲಿಯಾಗಲಾರವು. ನಾಯಿಯ ಆಹಾರದಲ್ಲಿ ಬೆಕ್ಕಿಗೆ ಸಾಕಾಗುವಷ್ಟು ಪ್ರೋಟೀನ್ ಮತ್ತು ಟಾರೀನ್ ಇರುವುದಿಲ್ಲ.

ಮನೆಯಲ್ಲಿ ಬೇಯಿಸಿದ ಆಹಾರವನ್ನೇ ಅವಲಂಬಿಸುವುದಾದರೆ ಕ್ಯಾಲ್ಸಿಯಂ, ಟಾರೀನ್ ಮತ್ತು ಜೀವಸತ್ವಗಳ ಪ್ರಮಾಣವನ್ನು ಪಶುವೈದ್ಯರಿಂದ ನಿಗದಿಪಡಿಸಿಕೊಳ್ಳಬೇಕು. ಟಾರೀನ್ ನೀರಿನಲ್ಲಿ ಕರಗುವ ವಸ್ತುವಾದುದರಿಂದ ಮಾಂಸ ಬೇಯಿಸಿದ ನೀರನ್ನು ಚೆಲ್ಲಿದರೆ ಅದರೊಂದಿಗೆ ಟಾರೀನ್ ಕೂಡ ಹೋಗುತ್ತದೆ. ಹಸಿ ಮಾಂಸದಲ್ಲಿ ಸಾಲ್ಮೊನೆಲ್ಲಾದಂತಹ ಬ್ಯಾಕ್ಟೀರಿಯಾಗಳು ಮತ್ತು ಟಾಕ್ಸೊಪ್ಲಾಸ್ಮಾ ಪರಾವಲಂಬಿ ಇರುವ ಅಪಾಯವಿದೆ. ಟಾಕ್ಸೊಪ್ಲಾಸ್ಮಾ ಮನೆಯ ಗರ್ಭಿಣಿಯರಿಗೂ ಅಪಾಯಕರ. ೨೦೨೪ರಲ್ಲಿ ಅಮೆರಿಕದ ಡೈರಿಗಳಲ್ಲಿ ಸೋಂಕಿತ ಹಸುಗಳ ಕಾಯಿಸದ ಹಾಲನ್ನು ಕುಡಿದ ಬೆಕ್ಕುಗಳು ಹಕ್ಕಿಜ್ವರದಿಂದ ಸತ್ತವು.

ಹಾಲು-ಅನ್ನದ ಪದ್ಧತಿ

ಬೆಕ್ಕು ಮತ್ತು ಹಾಲಿನ ನಂಟು ಭಾರತೀಯ ಜನಮಾನಸದಲ್ಲಿ ಆಳವಾಗಿ ಬೇರೂರಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಗಾದೆಯೂ, ಬಿಸಿಹಾಲಿಗೆ ಬಾಯಿ ಸುಟ್ಟುಕೊಂಡು ಹಾಲೆಂದರೆ ಓಡುತ್ತಿದ್ದ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯೂ ಕನ್ನಡಿಗರಿಗೆ ಚಿರಪರಿಚಿತ. ಕರ್ನಾಟಕದ ಹಳ್ಳಿಯ ಮನೆಗಳಲ್ಲಿ ಬೆಕ್ಕಿಗೆ ಹಾಲನ್ನ ಅಥವಾ ಮೊಸರನ್ನ ಹಾಕುವುದು ರೂಢಿ. ಕರಾವಳಿಯಲ್ಲಿ ಬೂತಾಯಿ, ಬಂಗುಡೆ ಮೀನುಗಳ ತಲೆ ಹಾಗೂ ಮುಳ್ಳುಗಳೂ ಅದರ ಪಾಲಿಗೆ ಬರುತ್ತವೆ.

ಹಳ್ಳಿಯ ಬೆಕ್ಕು ಈ ಆಹಾರದಲ್ಲಿ ಬದುಕಿತು ಎಂಬುದು ಅರ್ಧಸತ್ಯ. ಕಣಜ, ಅಟ್ಟ, ಕೊಟ್ಟಿಗೆ ಮತ್ತು ಹಿತ್ತಿಲುಗಳಲ್ಲಿ ಹಿಡಿದ ಇಲಿ, ಓತಿಕ್ಯಾತ, ಮಿಡತೆಗಳೇ ಅದರ ನಿಜವಾದ ಊಟವಾಗಿದ್ದವು; ಮನೆಯವರು ಹಾಕಿದ ಹಾಲನ್ನ ಮೇಲೋಗರ ಮಾತ್ರ. ನಗರದ ಬಹುಮಹಡಿ ಕಟ್ಟಡದ ಮನೆಯಲ್ಲಿ ಬಾಗಿಲು ಮುಚ್ಚಿದ ಬೆಕ್ಕಿಗೆ ಆ ಬೇಟೆ ಇಲ್ಲ. ಅಲ್ಲಿ ಬಟ್ಟಲಿಗೆ ಬಿದ್ದಷ್ಟೇ ಅದರ ಸಮಸ್ತ ಆಹಾರ. ೧೦೦ ಗ್ರಾಂ ಅನ್ನಕ್ಕೆ ೧೦೦ ಮಿಲಿಲೀಟರ್ ಹಸುವಿನ ಹಾಲು ಬೆರೆಸಿದರೆ ಸುಮಾರು ೨೦೦ ಕಿಲೋಕ್ಯಾಲರಿ ಶಕ್ತಿ, ಅಂದರೆ ಒಂದು ಸಾಧಾರಣ ಬೆಕ್ಕಿನ ದಿನದ ಅಗತ್ಯ, ದೊರೆಯುತ್ತದೆ. ಅದರಲ್ಲಿರುವ ಪ್ರೋಟೀನ್ ಮಾತ್ರ ಸುಮಾರು ೬ ಗ್ರಾಂ. ಬೆಕ್ಕಿಗೆ ಬೇಕಾದುದು ಅದರ ಎರಡು ಪಟ್ಟಿಗಿಂತಲೂ ಹೆಚ್ಚು. ಟಾರೀನ್ ಇಲ್ಲವೆಂಬಷ್ಟು ಕಡಿಮೆ. ಬೆಕ್ಕು ಹೊಟ್ಟೆ ತುಂಬಿ ಮಲಗುವುದರಿಂದ ಸಾಕಿದವರಿಗೆ ಕೊರತೆಯ ಅರಿವಾಗುವುದಿಲ್ಲ. ತಿಂಗಳುಗಟ್ಟಲೆ ಕಳೆದು ಅದು ಕತ್ತಲಲ್ಲಿ ಗೋಡೆಗೆ ತಾಗತೊಡಗಿದಾಗಲೇ ಸಂದೇಹ ಮೂಡುತ್ತದೆ. ಇದರ ಜೊತೆಗೆ ಅನೇಕ ವಯಸ್ಕ ಬೆಕ್ಕುಗಳಿಗೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ.

ಸಸ್ಯಾಹಾರದ ಪ್ರಶ್ನೆ

ಸಸ್ಯಾಹಾರಿ ಕುಟುಂಬಗಳಲ್ಲಿ ಬೆಕ್ಕಿಗೆ ಮಾಂಸ ಉಣಿಸುವುದು ಧರ್ಮಸಂಕಟದ ವಿಷಯ. ಪ್ರಯೋಗಾಲಯದಲ್ಲಿ ಸಂಶ್ಲೇಷಿಸಿದ ಟಾರೀನ್ ಹಾಗೂ ಇತರ ಪೋಷಕಾಂಶಗಳನ್ನು ಸೇರಿಸಿದ ಸಸ್ಯಮೂಲದ ಆಹಾರಗಳು ಕೆಲವು ದೇಶಗಳಲ್ಲಿ ದೊರೆಯುತ್ತವೆ. ಅವುಗಳ ದೀರ್ಘಕಾಲಿಕ ಸುರಕ್ಷತೆಯ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಆದರೆ ಅನ್ನ, ಬೇಳೆ, ತರಕಾರಿ ಮತ್ತು ಹಾಲಿನ ಮನೆಯೂಟ ಬೆಕ್ಕಿಗೆ ಸಾಲದು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಅಡುಗೆಮನೆಗೆ ಮಾಂಸ ತರಲೊಪ್ಪದ ಮನೆಗಳಲ್ಲಿ ಮುಚ್ಚಿದ ಪೊಟ್ಟಣದ ಸಿದ್ಧ ಆಹಾರವನ್ನು ಪ್ರತ್ಯೇಕ ಪಾತ್ರೆ ಮತ್ತು ಸ್ಥಳದಲ್ಲಿ ನೀಡುವ ಪರಿಪಾಠ ಬೆಳೆದಿದೆ. ಭಾರತದ ಪ್ರಾಣಿಹಿಂಸೆ ತಡೆ ಅಧಿನಿಯಮ, ೧೯೬೦ರ ಪ್ರಕಾರ ತನ್ನ ಪ್ರಾಣಿಗೆ ಸಾಕಷ್ಟು ಆಹಾರ, ನೀರು ಅಥವಾ ಆಸರೆ ಒದಗಿಸದಿರುವುದು ಅಪರಾಧ.

ಪ್ರಮಾಣ ಮತ್ತು ದೇಹಸ್ಥಿತಿ

ಪೊಟ್ಟಣದ ಮೇಲಿನ ಪ್ರಮಾಣ ಅಂದಾಜು ಮಾತ್ರ. ಬೆಕ್ಕಿನ ದೇಹವೇ ನಿಜವಾದ ಅಳತೆಗೋಲು. ಪಶುವೈದ್ಯರು ಒಂಬತ್ತು ಅಂಕಗಳ ದೇಹಸ್ಥಿತಿ ಮಾಪಕವನ್ನು ಬಳಸುತ್ತಾರೆ. ಅದರಲ್ಲಿ ಐದು ಆದರ್ಶ ಸ್ಥಿತಿ. ಪಕ್ಕೆಲುಬುಗಳು ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸುಲಭವಾಗಿ ಸಿಗಬೇಕು. ಮೇಲಿನಿಂದ ನೋಡಿದಾಗ ಸೊಂಟದ ಇಳುಕು ತೋರಬೇಕು. ತಿನಿಸುಗಳು ದಿನದ ಒಟ್ಟು ಶಕ್ತಿಯಲ್ಲಿ ಶೇ. ೧೦ನ್ನು ಮೀರಬಾರದು. ೪ ಕಿಲೋಗ್ರಾಂ ಇರಬೇಕಾದ ಬೆಕ್ಕು ೫ ಕಿಲೋಗ್ರಾಂ ಆದರೆ ಅದು ೬೦ ಕಿಲೋಗ್ರಾಂ ತೂಕದ ಮನುಷ್ಯ ೭೫ ಕಿಲೋಗ್ರಾಂ ಆದದ್ದಕ್ಕೆ ಸಮ.

ಆಹಾರದ ಬದಲಾವಣೆ ಮತ್ತು ನಿರಾಕರಣೆ

ಹೊಸ ಆಹಾರವನ್ನು ಹಳೆಯದರೊಂದಿಗೆ ಬೆರೆಸಿ, ೭ರಿಂದ ೧೦ ದಿನಗಳಲ್ಲಿ ಕ್ರಮವಾಗಿ ಪ್ರಮಾಣ ಹೆಚ್ಚಿಸುತ್ತ ಬದಲಿಸಬೇಕು. ಹಸಿವಾದರೆ ತಾನೇ ತಿನ್ನುತ್ತದೆ ಎಂದು ಬೆಕ್ಕನ್ನು ಉಪವಾಸ ಕೆಡವುವುದು ಅತ್ಯಂತ ಅಪಾಯಕರ. ಕೆಲವು ದಿನ ಏನೂ ತಿನ್ನದ ಬೆಕ್ಕಿನ, ಅದರಲ್ಲೂ ಸ್ಥೂಲಕಾಯದ ಬೆಕ್ಕಿನ ದೇಹದ ಕೊಬ್ಬು ಯಕೃತ್ತಿಗೆ ನುಗ್ಗಿ ಶೇಖರವಾಗುತ್ತದೆ. ಹೆಪಾಟಿಕ್ ಲಿಪಿಡೋಸಿಸ್ ಎಂಬ ಈ ರೋಗಕ್ಕೆ ಚಿಕಿತ್ಸೆ ದೊರೆಯದಿದ್ದರೆ ಮರಣ ಸಂಭವಿಸುತ್ತದೆ. ವಯಸ್ಕ ಬೆಕ್ಕು ಇಡೀ ಒಂದು ದಿನ ಆಹಾರ ಮುಟ್ಟದಿದ್ದರೆ ಪಶುವೈದ್ಯರನ್ನು ಸಂಪರ್ಕಿಸಬೇಕು. ಎಳೆಯ ಮರಿಯ ವಿಷಯದಲ್ಲಿ ಅಷ್ಟು ಹೊತ್ತೂ ಕಾಯಬಾರದು.

ಕೊಡಬಾರದ ಪದಾರ್ಥಗಳು

• ಈರುಳ್ಳಿ, ಬೆಳ್ಳುಳ್ಳಿ: ಹಸಿ, ಬೇಯಿಸಿದ, ಪುಡಿ ಮಾಡಿದ ಎಲ್ಲ ರೂಪಗಳೂ ಕೆಂಪು ರಕ್ತಕಣಗಳನ್ನು ಒಡೆದು ರಕ್ತಹೀನತೆ ತರುತ್ತವೆ. ಸಾರು, ಸಾಂಬಾರು, ಮೀನಿನ ಪದಾರ್ಥಗಳ ರಸ ಕಲಸಿದ ಅನ್ನವೂ ಇದೇ ಕಾರಣಕ್ಕೆ ವರ್ಜ್ಯ.
• ಚಾಕಲೇಟು, ಕಾಫಿ, ಚಹಾ: ಹೃದಯ ಮತ್ತು ನರಮಂಡಲಕ್ಕೆ ವಿಷಕಾರಿ.
• ಮದ್ಯ: ಅಲ್ಪ ಪ್ರಮಾಣವೂ ಅಪಾಯಕರ.
• ದ್ರಾಕ್ಷಿ, ಒಣದ್ರಾಕ್ಷಿ: ನಾಯಿಗಳಲ್ಲಿ ಮೂತ್ರಪಿಂಡಕ್ಕೆ ಹಾನಿ ಮಾಡುವುದರಿಂದ ಬೆಕ್ಕಿಗೂ ಕೊಡದಿರುವುದು ಕ್ಷೇಮ.
• ಬೇಯಿಸಿದ ಮೂಳೆ: ಚೂಪಾಗಿ ಸೀಳಿ ಗಂಟಲು, ಕರುಳುಗಳಿಗೆ ಚುಚ್ಚಬಹುದು.
• ನಿತ್ಯವೂ ಯಕೃತ್ತು: 'ಎ' ಜೀವಸತ್ವ ಅತಿಯಾಗಿ ಕತ್ತಿನ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ.
• ನಿತ್ಯವೂ ಎಣ್ಣೆಯಂಶ ಹೆಚ್ಚಿರುವ ಮ��ನು: 'ಇ' ಜೀವಸತ್ವದ ಕೊರತೆಯಿಂದ ಚರ್ಮದಡಿಯ ಕೊಬ್ಬು ಉರಿಯೂತಕ್ಕೊಳಗಾಗುತ್ತದೆ.
• ಪ್ಯಾರಸಿಟಮಾಲ್: ಇದು ಆಹಾರವಲ್ಲದಿದ್ದರೂ ಊಟ ಬಿಟ್ಟ ಬೆಕ್ಕಿಗೆ ಜ್ವರವಿರಬಹುದೆಂದು ಕೊಡುವವರಿದ್ದಾರೆ. ಒಂದು ಮಾತ್ರೆಯೂ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಇತಿಹಾಸ

೧೯ನೆಯ ಶತಮಾನದ ಲಂಡನ್ನಿನಲ್ಲಿ ಬೆಕ್ಕುಗಳಿಗಾಗಿ ಕುದುರೆ ಮಾಂಸವನ್ನು ಮನೆಮನೆಗೆ ಹೊತ್ತು ಮಾರುವ ವ್ಯಾಪಾರಿಗಳಿದ್ದರು. ೧೮೬೦ರ ಸುಮಾರಿಗೆ ಜೇಮ್ಸ್ ಸ್ಪ್ರ್ಯಾಟ್ ಇಂಗ್ಲೆಂಡಿನಲ್ಲಿ ನಾಯಿ ಬಿಸ್ಕತ್ತುಗಳನ್ನು ಮಾರಾಟಕ್ಕೆ ತಂದುದರೊಂದಿಗೆ ಸಾಕುಪ್ರಾಣಿಗಳ ಸಿದ್ಧ ಆಹಾರದ ಉದ್ಯಮ ಆರಂಭವಾಯಿತು. ೧೯೩೨ರಿಂದ ೧೯೪೨ರವರೆಗೆ ಅಮೆರಿಕದ ವೈದ್ಯ ಫ್ರಾನ್ಸಿಸ್ ಪಾಟೆಂಜರ್ ನಡೆಸಿದ ಪ್ರಯೋಗಗಳಲ್ಲಿ ಬೇಯಿಸಿದ ಮಾಂಸ ತಿಂದ ಬೆಕ್ಕುಗಳು ಪೀಳಿಗೆಯಿಂದ ಪೀಳಿಗೆಗೆ ದುರ್ಬಲವಾದವು. ಟಾರೀನ್‌ನ ಮಹತ್ವ ಆಗ ತಿಳಿದಿರಲಿಲ್ಲ. ಅದರ ಕೊರತೆಯೇ ಒಂದು ಕಾರಣವಾಗಿರಬಹುದೆಂದು ಬಳಿಕ ವಿವರಿಸಲಾಯಿತು. ೧೯೪೭ರಲ್ಲಿ ಎಡ್ವರ್ಡ್ ಲೋ ಎಂಬವರು ಬೆಕ್ಕಿನ ಮಲಮೂತ್ರಕ್ಕಾಗಿ ಹೀರುವ ಜೇಡಿಮಣ್ಣಿನ ಹರಳುಗಳನ್ನು ಮಾರಲಾರಂಭಿಸಿದ್ದರಿಂದ ಬೆಕ್ಕನ್ನು ಸದಾ ಮನೆಯೊಳಗೇ ಇಟ್ಟುಕೊಳ್ಳುವುದು ಸುಲಭವಾಯಿತು. ಬೇಟೆಯಿಂದ ದೂರವಾದ ಬೆಕ್ಕಿನ ಪೋಷಣೆಯ ಹೊಣೆ ಪೂರ್ಣವಾಗಿ ಸಾಕುವವರ ಮೇಲೆ ಬಿತ್ತು. ೨೦೦೭ರಲ್ಲಿ ಮೆಲಮೈನ್ ಕಲಬೆರಕೆಯಿಂದ ಉತ್ತರ ಅಮೆರಿಕದಲ್ಲಿ ಅನೇಕ ಬೆಕ್ಕು, ನಾಯಿಗಳು ಮೂತ್ರಪಿಂಡ ವೈಫಲ್ಯದಿಂದ ಸತ್ತು, ಬೃಹತ್ ಪ್ರಮಾಣದ ಸಿದ್ಧ ಆಹಾರವನ್ನು ಮಾರುಕಟ್ಟೆಯಿಂದ ಹಿಂಪಡೆಯಲಾಯಿತು.

ಇವನ್ನೂ ನೋಡಿ

• ಬೆಕ್ಕು
• ಕಾಡುಬೆಕ್ಕು
• ಟಾರೀನ್
• ಜೀವಸತ್ವ
• ಪಶುವೈದ್ಯಕೀಯ